ಆಸ್ಟ್ರೇಲಿಯಾ ಗಣರಾಜ್ಯದ ಪ್ರಸ್ತಾವಿತ ಮಾದರಿಗಳು

ಆಸ್ಟ್ರೇಲಿಯಾ ಗಣರಾಜ್ಯದ ಪ್ರಸ್ತಾವಿತ ಮಾದರಿಗಳು ಎಂದರೆ, ಆಸ್ಟ್ರೇಲಿಯಾವು ಅರಸೊತ್ತಿಗೆಯನ್ನು ತೊರೆದು ಗಣರಾಜ್ಯವಾಗುವುದಾದರೆ ಅದರ ರಾಷ್ಟ್ರಮುಖ್ಯಸ್ಥರನ್ನು ಯಾರು ಆರಿಸಬೇಕು, ಯಾವ ವಿಧಾನದಿಂದ ಆರಿಸಬೇಕು, ಯಾರು ಪದಚ್ಯುತಗೊಳಿಸಬಹುದು ಎಂಬ ಪ್ರಶ್ನೆಗಳಿಗೆ ಉತ್ತರವಾಗಿ ಮುಂದಿಡಲಾಗಿರುವ ಯೋಜನೆಗಳು. ಬ್ರಿಟನ್ನಿನ ಅರಸರೇ ಆಸ್ಟ್ರೇಲಿಯಾದ ಅರಸರೂ ಆಗಿದ್ದಾರೆ. ಅವರ ಪ್ರತಿನಿಧಿಯಾಗಿ ಗವರ್ನರ್-ಜನರಲ್ ಅವರು ದೇಶದಲ್ಲಿದ್ದು ರಾಷ್ಟ್ರಮುಖ್ಯಸ್ಥರ ಕರ್ತವ್ಯಗಳನ್ನು ನಿರ್ವಹಿಸುತ್ತಾರೆ.

ಈ ಮಾದರಿಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು: ಪ್ರಧಾನಮಂತ್ರಿಯ ಸಲಹೆಯಂತೆ ನೇಮಕ, ಸಂಸತ್ತಿನ ವಿಶೇಷ ಬಹುಮತದಿಂದ ನೇಮಕ ಮತ್ತು ಪ್ರಜೆಗಳಿಂದ ನೇರ ಚುನಾವಣೆ. ಗಣರಾಜ್ಯ ಬೇಕೆನ್ನುವವರಲ್ಲಿಯೇ ಈ ವಿಷಯದಲ್ಲಿ ಒಮ್ಮತವಿರಲಿಲ್ಲ. 1999ರ ನವೆಂಬರ್ 6ರಂದು ನಡೆದ ಜನಮತಗಣನೆಯಲ್ಲಿ ಗಣರಾಜ್ಯದ ಪ್ರಸ್ತಾವ ಸೋಲಲು ಈ ಭಿನ್ನಾಭಿಪ್ರಾಯವು ಮುಖ್ಯ ಕಾರಣಗಳಲ್ಲಿ ಒಂದೆಂದು ಪರಿಗಣಿಸಲಾಗಿದೆ.

ಪ್ರಸ್ತುತ ವ್ಯವಸ್ಥೆ

1901ರ ಜನವರಿ 1ರಂದು ಆರು ವಸಾಹತುಗಳು ಒಂದುಗೂಡಿ ಆಸ್ಟ್ರೇಲಿಯಾ ಒಕ್ಕೂಟವು ರಚನೆಯಾಯಿತು. ಅದರ ಸಂವಿಧಾನದ 2ನೇ ವಿಧಿಯಂತೆ ಗವರ್ನರ್-ಜನರಲ್ ಅವರನ್ನು ಅರಸರು ನೇಮಿಸುತ್ತಾರೆ. 61ನೇ ವಿಧಿಯು ಕಾರ್ಯಾಂಗದ ಅಧಿಕಾರವನ್ನು ಅರಸರಲ್ಲಿ ನಿಹಿತಗೊಳಿಸಿ, ಅದನ್ನು ಗವರ್ನರ್-ಜನರಲ್ ಚಲಾಯಿಸಬಹುದೆಂದು ಹೇಳುತ್ತದೆ. ಪ್ರಧಾನಮಂತ್ರಿಯ ಹುದ್ದೆಯ ಹೆಸರು ಈ ಸಂವಿಧಾನದಲ್ಲಿ ಎಲ್ಲಿಯೂ ಬರುವುದಿಲ್ಲ. ಬಹುಮತವಿರುವ ಪಕ್ಷದ ನಾಯಕರೇ ಪ್ರಧಾನಿಯಾಗುವುದು, ಅವರ ಸಲಹೆಯಂತೆ ಗವರ್ನರ್-ಜನರಲ್ ನಡೆಯುವುದು ಮುಂತಾದವು ಬರಹರೂಪದಲ್ಲಿಲ್ಲದ ಸಾಂವಿಧಾನಿಕ ಸಂಪ್ರದಾಯಗಳು.

ಆರಂಭದ ದಶಕಗಳಲ್ಲಿ ಗವರ್ನರ್-ಜನರಲ್ ಅವರನ್ನು ಬ್ರಿಟಿಷ್ ಸರ್ಕಾರದ ಸಲಹೆಯಂತೆ ನೇಮಿಸಲಾಗುತ್ತಿತ್ತು. 1930ರಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ಜೇಮ್ಸ್ ಸ್ಕಲಿನ್ ಅವರು ನ್ಯಾಯಾಧೀಶ ಸರ್ ಐಸಾಕ್ ಐಸಾಕ್ಸ್ ಅವರ ಹೆಸರನ್ನು ಸೂಚಿಸಿದಾಗ ದೊರೆ ಐದನೇ ಜಾರ್ಜ್ ಅವರಿಗೆ ಅದು ಒಪ್ಪಿಗೆಯಾಗಿರಲಿಲ್ಲ. ಲಂಡನ್ನಿಗೆ ತೆರಳಿದ್ದ ಸ್ಕಲಿನ್ ಅವರು ತಮ್ಮ ಸಲಹೆಯನ್ನು ಬಿಟ್ಟುಕೊಡಲಿಲ್ಲ. ಕೊನೆಗೆ ಅರಸರು ಒಪ್ಪಬೇಕಾಯಿತು. 1931ರಲ್ಲಿ ಐಸಾಕ್ಸ್ ಅವರು ಆಸ್ಟ್ರೇಲಿಯಾದಲ್ಲಿ ಜನಿಸಿದ ಮೊದಲ ಗವರ್ನರ್-ಜನರಲ್ ಆಗಿ ಅಧಿಕಾರ ಸ್ವೀಕರಿಸಿದರು. ನೇಮಕವು ಆಸ್ಟ್ರೇಲಿಯಾದ ಪ್ರಧಾನಿಯ ಸಲಹೆಯಂತೆಯೇ ಆಗಬೇಕೆಂಬ ಸಂಪ್ರದಾಯವು ಅಂದಿನಿಂದ ನೆಲೆಗೊಂಡಿದೆ.

ಹೀಗಾಗಿ ಈಗಿನ ವ್ಯವಸ್ಥೆಯಲ್ಲಿ ಆಯ್ಕೆ ಮಾಡುವವರು ಪ್ರಧಾನಮಂತ್ರಿ, ನೇಮಕ ಪತ್ರಕ್ಕೆ ಸಹಿ ಮಾಡುವವರು ಅರಸರು. ಪದಚ್ಯುತಿಗೂ ಇದೇ ಕ್ರಮ. ಸಂಸತ್ತಿನ ಒಪ್ಪಿಗೆಯಾಗಲಿ, ವಿರೋಧ ಪಕ್ಷದ ಸಮ್ಮತಿಯಾಗಲಿ ಬೇಕಿಲ್ಲ. ಸಂವಿಧಾನದಲ್ಲಿ ಅಧಿಕಾರಾವಧಿಯನ್ನು ನಿಗದಿಪಡಿಸಿಲ್ಲ; ಸುಮಾರು ಐದು ವರ್ಷಗಳ ಅವಧಿ ರೂಢಿಯಲ್ಲಿದೆ. ಅರಸರ ಪಾತ್ರ ಇಷ್ಟು ಚಿಕ್ಕದಾದ್ದರಿಂದ ಅವರನ್ನು ತೆಗೆದುಹಾಕುವುದು ಸುಲಭವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಅರಸರು ಯಾವ ಪಕ್ಷಕ್ಕೂ ಸೇರದವರು, ಹುದ್ದೆಗಾಗಿ ಯಾರೊಡನೆಯೂ ಸ್ಪರ್ಧಿಸದವರು. ಆ ಸ್ಥಾನವು ಇಲ್ಲವಾದರೆ ಸಹಿ ಮಾಡುವ ಕೆಲಸ ಯಾರಿಗೆ ಸೇರಬೇಕು ಎಂಬಲ್ಲಿಂದ ಚರ್ಚೆ ಆರಂಭವಾಗುತ್ತದೆ.

ಮೀಸಲು ಅಧಿಕಾರಗಳು ಮತ್ತು 1975ರ ಬಿಕ್ಕಟ್ಟು

ಪ್ರಧಾನಿಯ ಸಲಹೆಯಿಲ್ಲದೆ ಅಥವಾ ಸಲಹೆಗೆ ವಿರುದ್ಧವಾಗಿ ಗವರ್ನರ್-ಜನರಲ್ ಅವರು ಅಪರೂಪದ ಸಂದರ್ಭಗಳಲ್ಲಿ ಚಲಾಯಿಸಬಹುದಾದ ಅಧಿಕಾರಗಳನ್ನು ಮೀಸಲು ಅಧಿಕಾರಗಳೆಂದು ಕರೆಯುತ್ತಾರೆ. ಪ್ರಧಾನಿಯನ್ನು ನೇಮಿಸುವುದು, ವಜಾಗೊಳಿಸುವುದು ಮತ್ತು ಸಂಸತ್ತಿನ ವಿಸರ್ಜನೆಯನ್ನು ನಿರಾಕರಿಸುವುದು ಇವುಗಳಲ್ಲಿ ಸೇರಿವೆ. ಇವುಗಳ ವ್ಯಾಪ್ತಿ ಎಷ್ಟೆಂಬುದು ಎಲ್ಲಿಯೂ ಸ್ಪಷ್ಟವಾಗಿ ಬರೆದಿಲ್ಲ.

1975ರಲ್ಲಿ ಲೇಬರ್ ಪಕ್ಷದ ಪ್ರಧಾನಿ ಗಾಫ್ ವಿಟ್ಲಮ್ ಅವರ ಸರ್ಕಾರಕ್ಕೆ ಪ್ರತಿನಿಧಿ ಸಭೆಯಲ್ಲಿ ಬಹುಮತವಿತ್ತು, ಸೆನೆಟ್‌ನಲ್ಲಿ ಇರಲಿಲ್ಲ. ಅಕ್ಟೋಬರ್ ತಿಂಗಳಲ್ಲಿ ವಿರೋಧ ಪಕ್ಷಗಳು ಸರ್ಕಾರದ ವೆಚ್ಚಕ್ಕೆ ಹಣ ಒದಗಿಸುವ ಮಸೂದೆಗಳನ್ನು ಸೆನೆಟ್‌ನಲ್ಲಿ ತಡೆಹಿಡಿದವು. ನವೆಂಬರ್ 11ರಂದು ಗವರ್ನರ್-ಜನರಲ್ ಸರ್ ಜಾನ್ ಕೆರ್ ಅವರು ಮುನ್ಸೂಚನೆ ನೀಡದೆ ವಿಟ್ಲಮ್ ಅವರನ್ನು ವಜಾಗೊಳಿಸಿ, ವಿರೋಧ ಪಕ್ಷದ ನಾಯಕ ಮಾಲ್ಕಮ್ ಫ್ರೇಸರ್ ಅವರನ್ನು ಹಂಗಾಮಿ ಪ್ರಧಾನಿಯಾಗಿ ನೇಮಿಸಿದರು. ಅದೇ ದಿನ ಪ್ರತಿನಿಧಿ ಸಭೆಯು ಫ್ರೇಸರ್ ಅವರಲ್ಲಿ ಅವಿಶ್ವಾಸ ವ್ಯಕ್ತಪಡಿಸಿದರೂ ಎರಡೂ ಸದನಗಳನ್ನು ವಿಸರ್ಜಿಸಲಾಯಿತು. ಡಿಸೆಂಬರ್ 13ರ ಚುನಾವಣೆಯಲ್ಲಿ ಫ್ರೇಸರ್ ಅವರ ಮೈತ್ರಿಕೂಟವು ಭಾರಿ ಬಹುಮತ ಗಳಿಸಿತು.

ಕೆರ್ ಅವರನ್ನು ಆ ಹುದ್ದೆಗೆ ಸೂಚಿಸಿದ್ದವರು ಸ್ವತಃ ವಿಟ್ಲಮ್. ತಾನು ಎಚ್ಚರಿಕೆ ನೀಡಿದ್ದರೆ ಪ್ರಧಾನಿಯು ಅರಮನೆಗೆ ಸಲಹೆ ಕಳುಹಿಸಿ ತನ್ನನ್ನೇ ಪದಚ್ಯುತಗೊಳಿಸುವ ಸಾಧ್ಯತೆಯಿತ್ತು ಎಂಬುದು ಕೆರ್ ಅವರ ಸಮರ್ಥನೆಗಳಲ್ಲಿ ಒಂದಾಗಿತ್ತು. ಪ್ರತಿನಿಧಿ ಸಭೆಯ ಸಭಾಧ್ಯಕ್ಷ ಗಾರ್ಡನ್ ಸ್ಕೋಲ್ಸ್ ಅವರು ಮಧ್ಯಪ್ರವೇಶಿಸುವಂತೆ ರಾಣಿ ಎರಡನೇ ಎಲಿಜಬೆತ್ ಅವರಿಗೆ ಪತ್ರ ಬರೆದರು. ಪ್ರಧಾನಿಯನ್ನು ನೇಮಿಸುವ ಅಧಿಕಾರವು ಸಂವಿಧಾನದಂತೆ ಗವರ್ನರ್-ಜನರಲ್ ಅವರದೇ ಹೊರತು ರಾಣಿಯವರದಲ್ಲ ಎಂಬ ಉತ್ತರ ಬಂದಿತು. ಕೆರ್ ಮತ್ತು ಅರಮನೆಯ ನಡುವಿನ ಪತ್ರವ್ಯವಹಾರವು ಹೈಕೋರ್ಟಿನ ತೀರ್ಪಿನ ನಂತರ 2020ರ ಜುಲೈನಲ್ಲಿ ಬಹಿರಂಗಗೊಂಡಿತು.

ಈ ಘಟನೆಯು ಗಣರಾಜ್ಯವಾದಕ್ಕೆ ಬಲ ನೀಡಿತಾದರೂ ಅದರ ಹಾದಿಯನ್ನು ಕಠಿಣಗೊಳಿಸಿತು. ಅರಸರಿಂದ ಪರೋಕ್ಷವಾಗಿ ನೇಮಕಗೊಂಡವರೇ ಚುನಾಯಿತ ಪ್ರಧಾನಿಯನ್ನು ತೆಗೆದುಹಾಕಬಲ್ಲರಾದರೆ, ಕೋಟ್ಯಂತರ ಜನರ ಮತ ಪಡೆದು ಬಂದ ಅಧ್ಯಕ್ಷರು ಅದೇ ಅಧಿಕಾರವನ್ನು ಹೇಗೆ ಬಳಸಿಯಾರು ಎಂಬ ಸಂದೇಹ ಹುಟ್ಟಿತು. ಮತ್ತೊಂದೆಡೆ, ಪ್ರಧಾನಿಯು ಬಯಸಿದಾಗ ತೆಗೆದುಹಾಕಬಹುದಾದ ಅಧ್ಯಕ್ಷರು ಸಂವಿಧಾನದ ಕಾವಲುಗಾರರಾಗಬಲ್ಲರೇ ಎಂಬ ಪ್ರಶ್ನೆಯೂ ಎದ್ದಿತು. ಮುಂದೆ ಬಂದ ಪ್ರತಿಯೊಂದು ಮಾದರಿಯೂ ಈ ಎರಡು ಭಯಗಳ ನಡುವೆ ದಾರಿ ಹುಡುಕುವ ಪ್ರಯತ್ನವಾಗಿದೆ.

ಪ್ರತಿ ಮಾದರಿಯೂ ಉತ್ತರಿಸಬೇಕಾದ ಪ್ರಶ್ನೆಗಳು

- ನಾಮನಿರ್ದೇಶನ: ಅಭ್ಯರ್ಥಿಗಳ ಹೆಸರುಗಳನ್ನು ಯಾರು ಸೂಚಿಸಬೇಕು? ರಾಜಕೀಯ ಪಕ್ಷಗಳ ಸದಸ್ಯರಿಗೆ ಅವಕಾಶವಿರಬೇಕೇ?
- ಆಯ್ಕೆ: ಅಂತಿಮ ನಿರ್ಧಾರ ಪ್ರಧಾನಿಯದೋ, ಸಂಸತ್ತಿನದೋ, ಮತದಾರರದೋ?
- ಪದಚ್ಯುತಿ: ತೆಗೆದುಹಾಕುವ ಅಧಿಕಾರ ಯಾರಿಗೆ? ಕಾರಣ ನೀಡುವುದು ಕಡ್ಡಾಯವೇ?
- ಅಧಿಕಾರ: ಮೀಸಲು ಅಧಿಕಾರಗಳನ್ನು ಬರಹರೂಪಕ್ಕೆ ತರಬೇಕೇ, ಸಂಪ್ರದಾಯಕ್ಕೆ ಬಿಡಬೇಕೇ?
- ರಾಜ್ಯಗಳು: ಅರಸರ ಹೆಸರಿನಲ್ಲಿಯೇ ನೇಮಕಗೊಳ್ಳುವ ರಾಜ್ಯಗಳ ಗವರ್ನರ್‌ಗಳ ಗತಿಯೇನು?

ಈ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಆಯ್ಕೆಯ ವಿಧಾನವನ್ನು ಬದಲಿಸಿದರೆ ಪದಚ್ಯುತಿಯ ವಿಧಾನವನ್ನೂ ಬದಲಿಸಬೇಕಾಗುತ್ತದೆ. ಉದಾಹರಣೆಗೆ, ಜನರು ನೇರವಾಗಿ ಆರಿಸಿದವರನ್ನು ಪ್ರಧಾನಿಯೊಬ್ಬರೇ ತೆಗೆದುಹಾಕುವುದನ್ನು ಒಪ್ಪುವುದು ಕಷ್ಟ.

ಪ್ರಮುಖ ಮಾದರಿಗಳು

ಮೆಕ್‌ಗಾರ್ವಿ ಮಾದರಿ

ವಿಕ್ಟೋರಿಯಾ ರಾಜ್ಯದ ಮಾಜಿ ಗವರ್ನರ್ ರಿಚರ್ಡ್ ಮೆಕ್‌ಗಾರ್ವಿ ಅವರು ಸೂಚಿಸಿದ ಈ ಮಾದರಿಯಲ್ಲಿ ಬದಲಾವಣೆ ಅತ್ಯಲ್ಪ. ಅರಸರ ಸ್ಥಾನದಲ್ಲಿ ಮೂವರು ಸದಸ್ಯರ ಸಾಂವಿಧಾನಿಕ ಮಂಡಳಿಯೊಂದು ಇರುತ್ತದೆ. ಮಾಜಿ ಗವರ್ನರ್-ಜನರಲ್‌ಗಳು, ಮಾಜಿ ಗವರ್ನರ್‌ಗಳು, ನಿವೃತ್ತ ನ್ಯಾಯಾಧೀಶರು ಮುಂತಾದವರ ಪೈಕಿ ನಿಗದಿತ ಸೂತ್ರದಂತೆ ಮಂಡಳಿಯ ಸ್ಥಾನಗಳು ತುಂಬುತ್ತವೆ. ಆದ್ದರಿಂದ ಯಾರೂ ತಮಗೆ ಬೇಕಾದವರನ್ನು ಅಲ್ಲಿ ಕೂರಿಸುವಂತಿಲ್ಲ. ಪ್ರಧಾನಿಯು ರಾಷ್ಟ್ರಮುಖ್ಯಸ್ಥರ ಹೆಸರನ್ನು ಸೂಚಿಸಿದಾಗ ಅಥವಾ ಪದಚ್ಯುತಿಗೆ ಸಲಹೆ ನೀಡಿದಾಗ ಮಂಡಳಿಯು ಅದರಂತೆ ನಡೆಯಬೇಕು.

ಅರಸರು ಮಾಡುತ್ತಿದ್ದ ಕೆಲಸವನ್ನು ಯಥಾವತ್ತಾಗಿ ಬೇರೆಯವರಿಗೆ ವಹಿಸುವುದರಿಂದ ಈಗಿನ ಸಮತೋಲನ ಕೆಡುವುದಿಲ್ಲವೆಂಬುದು ಬೆಂಬಲಿಗರ ವಾದ. ನಿವೃತ್ತ ಗಣ್ಯರ ಪುಟ್ಟ ಗುಂಪೊಂದು ರಾಷ್ಟ್ರಮುಖ್ಯಸ್ಥರನ್ನು ನೇಮಿಸುವುದು ಪ್ರಜಾಪ್ರಭುತ್ವಕ್ಕೆ ಶೋಭೆಯಲ್ಲ, ಜನರ ಪಾಲಿಗೆ ಏನೂ ಬದಲಾಗುವುದಿಲ್ಲ ಎಂಬುದು ವಿರೋಧಿಗಳ ಆಕ್ಷೇಪ.

ಸಂಸತ್ತಿನ ಮೂರನೇ ಎರಡರಷ್ಟು ಬಹುಮತದ ಮಾದರಿ

1993ರಲ್ಲಿ ಪ್ರಧಾನಿ ಪಾಲ್ ಕೀಟಿಂಗ್ ಅವರು ಮಾಲ್ಕಮ್ ಟರ್ನ್‌ಬುಲ್ ಅವರ ಅಧ್ಯಕ್ಷತೆಯಲ್ಲಿ ಗಣರಾಜ್ಯ ಸಲಹಾ ಸಮಿತಿಯನ್ನು ನೇಮಿಸಿದರು. ಸಾಧ್ಯವಿರುವ ಆಯ್ಕೆಗಳನ್ನು ವಿವರಿಸುವುದು ಸಮಿತಿಯ ಕೆಲಸವಾಗಿತ್ತು. 1995ರ ಜೂನ್‌ನಲ್ಲಿ ಕೀಟಿಂಗ್ ಅವರು, ಸಂಸತ್ತಿನ ಜಂಟಿ ಅಧಿವೇಶನವು ಮೂರನೇ ಎರಡರಷ್ಟು ಬಹುಮತದಿಂದ ಅಧ್ಯಕ್ಷರನ್ನು ಆರಿಸುವ ವಿಧಾನವನ್ನು ಸಂಸತ್ತಿನಲ್ಲಿ ಪ್ರಕಟಿಸಿದರು.

ಯಾವ ಸರ್ಕಾರಕ್ಕೂ ಎರಡೂ ಸದನಗಳಲ್ಲಿ ಸೇರಿ ಅಷ್ಟು ಬಹುಮತ ದೊರೆಯುವುದು ದುರ್ಲಭ. 1999ರಲ್ಲಿ ಪ್ರತಿನಿಧಿ ಸಭೆಯಲ್ಲಿ 148 ಮತ್ತು ಸೆನೆಟ್‌ನಲ್ಲಿ 76, ಒಟ್ಟು 224 ಸದಸ್ಯರಿದ್ದರು. ಅಂದರೆ 150 ಸದಸ್ಯರ ಒಪ್ಪಿಗೆ ಬೇಕಾಗುತ್ತಿತ್ತು. ಆದ್ದರಿಂದ ಆಡಳಿತ ಮತ್ತು ವಿರೋಧ ಪಕ್ಷಗಳೆರಡಕ್ಕೂ ಸಮ್ಮತರಾದ, ಪಕ್ಷಾತೀತ ವ್ಯಕ್ತಿ ಮಾತ್ರ ಆಯ್ಕೆಯಾಗಬಲ್ಲರು ಎಂಬುದು ಈ ಮಾದರಿಯ ತಿರುಳು. ತೆರೆಮರೆಯ ಒಪ್ಪಂದದ ಮೂಲಕ ರಾಜಕಾರಣಿಗಳೇ ತಮಗೆ ಹಿತವಾದವರನ್ನು ಆರಿಸಿಕೊಳ್ಳುತ್ತಾರೆ ಎಂಬುದು ಇದರ ಮೇಲಿನ ಮುಖ್ಯ ಟೀಕೆ.

ನೇರ ಚುನಾವಣೆಯ ಮಾದರಿ

ಇದರಲ್ಲಿ ಅರ್ಹ ಮತದಾರರೆಲ್ಲರೂ ಅಧ್ಯಕ್ಷರನ್ನು ಆರಿಸುತ್ತಾರೆ. ಮುಂದೆ ಪಶ್ಚಿಮ ಆಸ್ಟ್ರೇಲಿಯಾದ ಮುಖ್ಯಮಂತ್ರಿಯಾದ ಜೆಫ್ ಗ್ಯಾಲಪ್ ಅವರ ಹೆಸರಿನಿಂದ ಗುರುತಿಸಲ್ಪಡುವ ಮಾದರಿಯಲ್ಲಿ ಪ್ರಜೆಗಳು ಹೆಸರುಗಳನ್ನು ಸೂಚಿಸುತ್ತಾರೆ; ಸಂಸತ್ತು ಮೂರನೇ ಎರಡರಷ್ಟು ಬಹುಮತದಿಂದ ಅವುಗಳಲ್ಲಿ ಕನಿಷ್ಠ ಮೂರನ್ನು ಅಂತಿಮಗೊಳಿಸುತ್ತದೆ; ಬಳಿಕ ಜನರು ಪ್ರಾಶಸ್ತ್ಯ ಕ್ರಮದಲ್ಲಿ ಮತ ಚಲಾಯಿಸುತ್ತಾರೆ. ಮಾಜಿ ಗವರ್ನರ್-ಜನರಲ್ ಬಿಲ್ ಹೇಡನ್ ಅವರೂ ನೇರ ಚುನಾವಣೆಯ ಮತ್ತೊಂದು ಮಾದರಿಯನ್ನು ಮಂಡಿಸಿದ್ದರು.

ರಾಷ್ಟ್ರಮುಖ್ಯಸ್ಥರನ್ನು ಆರಿಸುವ ಹಕ್ಕು ಜನರದೇ ಎಂಬ ಸರಳ ತತ್ವವು ಇದರ ಬಲ. ಚುನಾವಣೆ ಎಂದರೆ ಪ್ರಚಾರ, ಪ್ರಚಾರವೆಂದರೆ ಹಣ ಮತ್ತು ಪಕ್ಷದ ಬೆಂಬಲ; ಹೀಗಾಗಿ ಪಕ್ಷಾತೀತರು ಸ್ಪರ್ಧೆಗಿಳಿಯಲು ಹಿಂಜರಿಯುತ್ತಾರೆ ಎಂಬುದು ವಿರೋಧಿಗಳ ಮೊದಲ ವಾದ. ಇಡೀ ದೇಶದ ಮತ ಪಡೆದ ಅಧ್ಯಕ್ಷರಿಗೆ, ಒಂದು ಕ್ಷೇತ್ರದಿಂದ ಮಾತ್ರ ಗೆದ್ದು ಬಂದ ಪ್ರಧಾನಿಗಿಂತ ಹೆಚ್ಚಿನ ಜನಾದೇಶವಿದೆ ಎಂಬ ಭಾವನೆ ಬರಬಹುದೆಂಬುದು ಎರಡನೆಯದು. ಈ ಕಾರಣದಿಂದ, ನೇರ ಚುನಾವಣೆ ಬೇಕಾದರೆ ಮೀಸಲು ಅಧಿಕಾರಗಳನ್ನು ಸ್ಪಷ್ಟ ನಿಯಮಗಳಾಗಿ ಬರೆಯಬೇಕೆಂದು ಹಲವು ತಜ್ಞರು ಅಭಿಪ್ರಾಯಪಟ್ಟಿದ್ದಾರೆ. ಆದರೆ 1975ರ ನಂತರ, ಹಣ ಮಸೂದೆಯನ್ನು ತಡೆಯುವ ಸೆನೆಟ್‌ನ ಅಧಿಕಾರವನ್ನು ಮುಟ್ಟದೆ ಅಂಥ ನಿಯಮಗಳನ್ನು ಬರೆಯುವುದು ಸುಲಭವಾಗಿ ಉಳಿದಿಲ್ಲ.

1998ರ ಸಂವಿಧಾನ ಸಮಾವೇಶ

1996ರಲ್ಲಿ ಅಧಿಕಾರಕ್ಕೆ ಬಂದ ಪ್ರಧಾನಿ ಜಾನ್ ಹೋವರ್ಡ್ ಅವರು ಅರಸೊತ್ತಿಗೆಯ ಪರವಾಗಿದ್ದರು. ಚುನಾವಣೆಯ ಭರವಸೆಯಂತೆ ಅವರು 1998ರ ಫೆಬ್ರವರಿ 2ರಿಂದ 13ರವರೆಗೆ ಕ್ಯಾನ್‌ಬೆರಾದ ಹಳೆಯ ಸಂಸತ್ ಭವನದಲ್ಲಿ ಸಂವಿಧಾನ ಸಮಾವೇಶವನ್ನು ಕರೆದರು. ಒಟ್ಟು 152 ಪ್ರತಿನಿಧಿಗಳಲ್ಲಿ 76 ಮಂದಿ ಜನರಿಂದ ಚುನಾಯಿತರಾದವರು, ಉಳಿದ 76 ಮಂದಿ ಸರ್ಕಾರದಿಂದ ನೇಮಕಗೊಂಡವರು.

ಆಸ್ಟ್ರೇಲಿಯಾವು ಗಣರಾಜ್ಯವಾಗಬೇಕೆಂಬ ತಾತ್ವಿಕ ನಿರ್ಣಯಕ್ಕೆ ಪರವಾಗಿ 89, ವಿರುದ್ಧವಾಗಿ 52 ಮತಗಳು ಬಿದ್ದವು. 11 ಮಂದಿ ತಟಸ್ಥರಾಗಿದ್ದರು. ಮಾದರಿಯ ಪ್ರಶ್ನೆ ಬಂದಾಗ ಈ ಬಹುಮತ ಚದುರಿತು. ‘ದ್ವಿಪಕ್ಷೀಯ ನೇಮಕ ಮಾದರಿ’ ಎಂದು ಕರೆಯಲಾದ ಯೋಜನೆಗೆ ಪರವಾಗಿ 73, ವಿರುದ್ಧವಾಗಿ 57 ಮತಗಳು ದೊರೆತವು. 22 ಮಂದಿ ತಟಸ್ಥರಾಗಿ ಉಳಿದರು. ಅಂದರೆ ಅಂತಿಮ ಮಾದರಿಗೆ ಒಟ್ಟು ಪ್ರತಿನಿಧಿಗಳ ಅರ್ಧಕ್ಕಿಂತ ಕಡಿಮೆ ಬೆಂಬಲವಿತ್ತು. ಆದರೂ ಅದನ್ನು ಜನರ ಮುಂದಿಡಬೇಕೆಂಬ ನಿರ್ಣಯವನ್ನು ಸಮಾವೇಶವು ಭಾರಿ ಬಹುಮತದಿಂದ ಅಂಗೀಕರಿಸಿತು.

ಜನರ ಮುಂದಿಟ್ಟ ಮಾದರಿಯ ಮುಖ್ಯಾಂಶಗಳು ಹೀಗಿದ್ದವು:

- ಯಾವುದೇ ಪ್ರಜೆಯು ಹೆಸರನ್ನು ಸೂಚಿಸಬಹುದು. 32 ಸದಸ್ಯರ ಸಮಿತಿಯು ಅವುಗಳನ್ನು ಪರಿಶೀಲಿಸಿ ಪ್ರಧಾನಿಗೆ ವರದಿ ಸಲ್ಲಿಸುತ್ತದೆ. ಸಮಿತಿಯ ಅರ್ಧದಷ್ಟು ಸದಸ್ಯರು ಶಾಸಕರು, ಉಳಿದವರು ಸಾರ್ವಜನಿಕರು.
- ಪ್ರಧಾನಿಯು ಒಂದು ಹೆಸರನ್ನು ಜಂಟಿ ಅಧಿವೇಶನದಲ್ಲಿ ಮಂಡಿಸುತ್ತಾರೆ, ವಿರೋಧ ಪಕ್ಷದ ನಾಯಕರು ಅನುಮೋದಿಸುತ್ತಾರೆ. ಒಟ್ಟು ಸದಸ್ಯರ ಮೂರನೇ ಎರಡರಷ್ಟು ಬಹುಮತ ಅಗತ್ಯ.
- ಅಧಿಕಾರಾವಧಿ ಐದು ವರ್ಷ.
- ಪ್ರಧಾನಿಯು ತಮ್ಮ ಸಹಿಯುಳ್ಳ ಪತ್ರದ ಮೂಲಕ ಅಧ್ಯಕ್ಷರನ್ನು ತಕ್ಷಣವೇ ಪದಚ್ಯುತಗೊಳಿಸಬಹುದು. ಅದಕ್ಕೆ 30 ದಿನಗಳೊಳಗೆ ಪ್ರತಿನಿಧಿ ಸಭೆಯ ಅನುಮೋದನೆ ಕೋರಬೇಕು. ಸಭೆಯು ನಿರಾಕರಿಸಿದರೂ ಅಧ್ಯಕ್ಷರು ಹುದ್ದೆಗೆ ತಾನಾಗಿ ಮರಳುವುದಿಲ್ಲ.

ನೇಮಕಕ್ಕೆ ಸಂಸತ್ತಿನ ಮೂರನೇ ಎರಡರಷ್ಟು ಬಹುಮತ ಬೇಕು, ಪದಚ್ಯುತಿಗೆ ಪ್ರಧಾನಿಯೊಬ್ಬರ ಸಹಿ ಸಾಕು ಎಂಬ ಈ ವ್ಯತ್ಯಾಸವು ತೀವ್ರ ಟೀಕೆಗೆ ಗುರಿಯಾಯಿತು. ಈಗಿನ ವ್ಯವಸ್ಥೆಯಲ್ಲಿಯೂ ಪ್ರಧಾನಿಗೆ ಇಂಥದೇ ಅಧಿಕಾರವಿದೆ, ಹೊಸ ಮಾದರಿಯು ಅದಕ್ಕೆ ಸದನದ ಪರಿಶೀಲನೆಯನ್ನು ಸೇರಿಸುತ್ತದೆ ಎಂದು ಬೆಂಬಲಿಗರು ಉತ್ತರಿಸಿದರು.

1999ರ ಜನಮತಗಣನೆ

ಸಂವಿಧಾನದ 128ನೇ ವಿಧಿಯಂತೆ ತಿದ್ದುಪಡಿಗೆ ಎರಡು ಬಗೆಯ ಬಹುಮತ ಬೇಕು: ದೇಶದ ಒಟ್ಟು ಮತದಾರರಲ್ಲಿ ಬಹುಮತ ಮತ್ತು ಆರು ರಾಜ್ಯಗಳ ಪೈಕಿ ಕನಿಷ್ಠ ನಾಲ್ಕರಲ್ಲಿ ಬಹುಮತ. ಮತದಾನ ಕಡ್ಡಾಯ.

ಪ್ರಚಾರದಲ್ಲಿ ಅರಸೊತ್ತಿಗೆಯ ಬೆಂಬಲಿಗರು ಮತ್ತು ನೇರ ಚುನಾವಣೆ ಬಯಸಿದ ಗಣರಾಜ್ಯವಾದಿಗಳಲ್ಲಿ ಒಂದು ಭಾಗ, ಪರಸ್ಪರ ವಿರುದ್ಧ ಕಾರಣಗಳಿಗಾಗಿ ‘ಬೇಡ’ ಎಂಬ ಒಂದೇ ಉತ್ತರವನ್ನು ಕೇಳಿದರು. ಪ್ರಸ್ತಾವಿತ ಮಾದರಿಯು ‘ರಾಜಕಾರಣಿಗಳ ಗಣರಾಜ್ಯ’ ಎಂಬ ಘೋಷಣೆ ಪ್ರಭಾವಶಾಲಿಯಾಯಿತು. ಟೆಡ್ ಮ್ಯಾಕ್, ಫಿಲ್ ಕ್ಲಿಯರಿ ಮುಂತಾದ ನೇರ ಚುನಾವಣೆಯ ಪ್ರತಿಪಾದಕರು ಈ ಮಾದರಿಯನ್ನು ತಿರಸ್ಕರಿಸಿದರೆ ಮುಂದೆ ಉತ್ತಮ ಮಾದರಿ ದೊರೆಯುತ್ತದೆ ಎಂದು ವಾದಿಸಿದರು. ಇದನ್ನು ಕೈಬಿಟ್ಟರೆ ಮತ್ತೊಂದು ಅವಕಾಶ ಬೇಗ ಬಾರದು ಎಂದು ಟರ್ನ್‌ಬುಲ್ ನೇತೃತ್ವದ ಆಸ್ಟ್ರೇಲಿಯಾ ಗಣರಾಜ್ಯ ಚಳವಳಿಯು ಎಚ್ಚರಿಸಿತು.

ಪ್ರಸ್ತಾವಕ್ಕೆ ಪರವಾಗಿ ಶೇ. 45.13, ವಿರುದ್ಧವಾಗಿ ಶೇ. 54.87 ಮತಗಳು ಬಂದವು. ಆರು ರಾಜ್ಯಗಳಲ್ಲಿ ಒಂದರಲ್ಲಿಯೂ ಬಹುಮತ ದೊರೆಯಲಿಲ್ಲ. ವಿಕ್ಟೋರಿಯಾದಲ್ಲಿ ಶೇ. 49.84ರಷ್ಟು ಬೆಂಬಲ ದೊರೆತು ಅಲ್ಪ ಅಂತರದಲ್ಲಿ ಸೋಲಾದರೆ, ಕ್ವೀನ್ಸ್‌ಲ್ಯಾಂಡಿನಲ್ಲಿ ಬೆಂಬಲ ಶೇ. 37.44ಕ್ಕೆ ಇಳಿದಿತ್ತು. ರಾಜಧಾನಿ ಕ್ಯಾನ್‌ಬೆರಾವನ್ನು ಒಳಗೊಂಡ ಪ್ರದೇಶದಲ್ಲಿ ಮಾತ್ರ ಶೇ. 63ಕ್ಕೂ ಹೆಚ್ಚು ಮಂದಿ ಪರವಾಗಿ ಮತ ನೀಡಿದರು. ಸಂವಿಧಾನಕ್ಕೆ ಹೊಸ ಪ್ರಸ್ತಾವನೆಯನ್ನು ಸೇರಿಸುವ ಎರಡನೆಯ ಪ್ರಶ್ನೆಯೂ ಅಂದೇ ತಿರಸ್ಕೃತವಾಯಿತು.

ಅರಸೊತ್ತಿಗೆಯು ಉಳಿಯಲಿ ಎಂಬ ಜನಾಭಿಪ್ರಾಯವೇ ಈ ಫಲಿತಾಂಶಕ್ಕೆ ಕಾರಣವೆಂದು ಒಂದು ಪಕ್ಷ ಹೇಳಿದರೆ, ಸೋತದ್ದು ಗಣರಾಜ್ಯವಲ್ಲ, ಮಾದರಿ ಎಂದು ಮತ್ತೊಂದು ಪಕ್ಷ ಹೇಳಿತು. ಮತಪತ್ರದಲ್ಲಿ ಗಣರಾಜ್ಯ ಮತ್ತು ನೇಮಕದ ವಿಧಾನ ಎರಡೂ ಒಂದೇ ಪ್ರಶ್ನೆಯಲ್ಲಿ ಸೇರಿದ್ದರಿಂದ ಇವನ್ನು ಬೇರ್ಪಡಿಸಿ ಅಳೆಯಲು ಫಲಿತಾಂಶದಿಂದ ಸಾಧ್ಯವಿಲ್ಲ.

ಇತರ ದೇಶಗಳ ಅನುಭವ

ಭಾರತ: ಅರಸರ ಸ್ಥಾನಕ್ಕೆ ಬದಲಿ ವ್ಯವಸ್ಥೆ ಕಂಡುಕೊಂಡ ದೇಶಗಳಲ್ಲಿ ಭಾರತ ಪ್ರಮುಖವಾದುದು. 1950ರ ಜನವರಿ 26ರಂದು ಗವರ್ನರ್-ಜನರಲ್ ಸಿ. ರಾಜಗೋಪಾಲಾಚಾರಿ ಅವರ ಸ್ಥಾನದಲ್ಲಿ ಡಾ. ರಾಜೇಂದ್ರ ಪ್ರಸಾದ್ ಅವರು ರಾಷ್ಟ್ರಪತಿಯಾದರು. ಸಂವಿಧಾನ ರಚನಾ ಸಭೆಯಲ್ಲಿ ಕೆ. ಟಿ. ಷಾ ಅವರು ವಯಸ್ಕ ಮತದಾನದ ಮೂಲಕ ನೇರ ಚುನಾವಣೆಯನ್ನು ಸೂಚಿಸಿದ್ದರು. ನಿಜವಾದ ಅಧಿಕಾರವು ಮಂತ್ರಿಮಂಡಲದಲ್ಲಿರುವಾಗ, ನೇರವಾಗಿ ಚುನಾಯಿತರಾದವರಿಗೆ ಅಧಿಕಾರ ನೀಡದಿರುವುದು ಅಸಂಗತವಾಗುತ್ತದೆ ಎಂಬುದು ಜವಾಹರಲಾಲ್ ನೆಹರೂ ಅವರ ನಿಲುವಾಗಿತ್ತು. ಆಸ್ಟ್ರೇಲಿಯಾದಲ್ಲಿ ಅರ್ಧ ಶತಮಾನದ ನಂತರ ಕೇಳಿಬಂದ ವಾದವೂ ಇದೇ.

ಅಂತಿಮವಾಗಿ 54 ಮತ್ತು 55ನೇ ವಿಧಿಗಳು ಸಂಸತ್ತಿನ ಹಾಗೂ ವಿಧಾನಸಭೆಗಳ ಚುನಾಯಿತ ಸದಸ್ಯರ ಮತದಾರ ಗಣವನ್ನು ಗೊತ್ತುಪಡಿಸಿದವು. ಶಾಸಕರ ಮತದ ಮೌಲ್ಯವು ರಾಜ್ಯದ ಜನಸಂಖ್ಯೆಗೆ ಅನುಗುಣವಾಗಿರುತ್ತದೆ. 2022ರ ಚುನಾವಣೆಯಲ್ಲಿ ಕರ್ನಾಟಕದ ಪ್ರತಿ ಶಾಸಕರ ಮತದ ಮೌಲ್ಯ 131, ಪ್ರತಿ ಸಂಸದರ ಮತದ ಮೌಲ್ಯ 700 ಆಗಿತ್ತು. ಹೀಗೆ ರಾಷ್ಟ್ರಪತಿಯ ಆಯ್ಕೆಯಲ್ಲಿ ಕೇಂದ್ರ ಮತ್ತು ರಾಜ್ಯಗಳೆರಡರ ಪಾಲೂ ಇದೆ. ಪದಚ್ಯುತಿಗೆ 61ನೇ ವಿಧಿಯಂತೆ ಮಹಾಭಿಯೋಗ ನಡೆಸಿ ಎರಡೂ ಸದನಗಳ ಒಟ್ಟು ಸದಸ್ಯರ ಮೂರನೇ ಎರಡರಷ್ಟು ಬಹುಮತ ಪಡೆಯಬೇಕು. ರಾಷ್ಟ್ರಪತಿಯು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕೆಂಬ ಸಂಪ್ರದಾಯವನ್ನು 1976ರ 42ನೇ ತಿದ್ದುಪಡಿಯು ಬರಹರೂಪಕ್ಕೆ ತಂದಿತು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳುಹಿಸುವ ಅವಕಾಶವನ್ನು 44ನೇ ತಿದ್ದುಪಡಿಯು ಒದಗಿಸಿತು.

ಐರ್ಲೆಂಡ್: 1937ರ ಸಂವಿಧಾನದಂತೆ ಅಧ್ಯಕ್ಷರನ್ನು ಏಳು ವರ್ಷಗಳ ಅವಧಿಗೆ ಜನರೇ ಆರಿಸುತ್ತಾರೆ. ಸಾಮಾನ್ಯವಾಗಿ ಅಭ್ಯರ್ಥಿಗೆ ಸಂಸತ್ತಿನ 20 ಸದಸ್ಯರ ಅಥವಾ ನಾಲ್ಕು ಸ್ಥಳೀಯ ಆಡಳಿತ ಮಂಡಳಿಗಳ ಬೆಂಬಲ ಬೇಕು. 1938ರಲ್ಲಿ ಡಗ್ಲಾಸ್ ಹೈಡ್ ಅವರಂತೆ ಒಬ್ಬರೇ ಅಭ್ಯರ್ಥಿಯಾಗಿ ಅವಿರೋಧವಾಗಿ ಆಯ್ಕೆಯಾದ ನಿದರ್ಶನಗಳೂ ಇವೆ. ನೇರ ಚುನಾವಣೆಯಿದ್ದರೂ ಅಧ್ಯಕ್ಷರು ಪ್ರಧಾನಿಗೆ ಪ್ರತಿಸ್ಪರ್ಧಿಯಾಗಿ ಬೆಳೆದಿಲ್ಲ. ಅಲ್ಲಿ ಅಧ್ಯಕ್ಷರ ಸ್ವತಂತ್ರ ಅಧಿಕಾರಗಳನ್ನು ಸಂವಿಧಾನವು ಒಂದೊಂದಾಗಿ ಹೆಸರಿಸಿರುವುದನ್ನು ಇದಕ್ಕೆ ಕಾರಣವಾಗಿ ಉಲ್ಲೇಖಿಸಲಾಗುತ್ತದೆ. ಆಸ್ಟ್ರೇಲಿಯಾದ ನೇರ ಚುನಾವಣಾವಾದಿಗಳು ಮುಖ್ಯವಾಗಿ ಈ ಉದಾಹರಣೆಯನ್ನು ನೀಡುತ್ತಾರೆ.

ಶ್ರೀಲಂಕಾ: 1972ರಲ್ಲಿ ಗಣರಾಜ್ಯವಾದಾಗ ಗವರ್ನರ್-ಜನರಲ್ ಆಗಿದ್ದ ವಿಲಿಯಂ ಗೋಪಲ್ಲವ ಅವರೇ ಅಧ್ಯಕ್ಷರಾದರು, ಹೆಸರನ್ನು ಸೂಚಿಸುವ ಅಧಿಕಾರ ಪ್ರಧಾನಿಯದಾಗಿತ್ತು. 1978ರ ಸಂವಿಧಾನವು ಈ ಹುದ್ದೆಯನ್ನು ಜನರಿಂದ ಚುನಾಯಿತವಾಗುವ ಕಾರ್ಯಾಂಗದ ಮುಖ್ಯ ಹುದ್ದೆಯಾಗಿ ಮಾರ್ಪಡಿಸಿತು.

ಟ್ರಿನಿಡಾಡ್ ಮತ್ತು ಟೊಬ್ಯಾಗೊ, ಮಾರಿಷಸ್: 1976ರಲ್ಲಿ ಗಣರಾಜ್ಯವಾದ ಟ್ರಿನಿಡಾಡ್ ಮತ್ತು ಟೊಬ್ಯಾಗೊದಲ್ಲಿ ಸಂಸತ್ತಿನ ಎರಡೂ ಸದನಗಳ ಸದಸ್ಯರ ಮತದಾರ ಗಣವು ಗುಪ್ತ ಮತದಾನದಿಂದ ಅಧ್ಯಕ್ಷರನ್ನು ಆರಿಸುತ್ತದೆ. 1992ರಲ್ಲಿ ಗಣರಾಜ್ಯವಾದ ಮಾರಿಷಸ್‌ನಲ್ಲಿ ಪ್ರಧಾನಿಯು ಮಂಡಿಸಿದ ನಿರ್ಣಯವನ್ನು ರಾಷ್ಟ್ರೀಯ ಸಭೆಯು ಒಟ್ಟು ಸದಸ್ಯರ ಸರಳ ಬಹುಮತದಿಂದ ಅಂಗೀಕರಿಸಿದರೆ ಸಾಕು.

ಬಾರ್ಬಡೋಸ್: 2021ರ ನವೆಂಬರ್ 30ರಂದು ಗಣರಾಜ್ಯವಾದ ಈ ದೇಶದಲ್ಲಿ ಗವರ್ನರ್-ಜನರಲ್ ಆಗಿದ್ದ ಡೇಮ್ ಸಾಂಡ್ರಾ ಮೇಸನ್ ಅವರನ್ನು ಸಂಸತ್ತು ಮೊದಲ ಅಧ್ಯಕ್ಷರಾಗಿ ಆರಿಸಿತು. ಅಲ್ಲಿನ ಸಂವಿಧಾನವನ್ನು ಸಂಸತ್ತೇ ತಿದ್ದಬಹುದಾದ್ದರಿಂದ ಜನಮತಗಣನೆಯ ಅಗತ್ಯವಿರಲಿಲ್ಲ.

ರಾಜ್ಯಗಳ ಪ್ರಶ್ನೆ

ಆಸ್ಟ್ರೇಲಿಯಾದ ಆರು ರಾಜ್ಯಗಳ ಗವರ್ನರ್‌ಗಳು ಕೇಂದ್ರ ಸರ್ಕಾರದ ಪ್ರತಿನಿಧಿಗಳಲ್ಲ. 1986ರ ಆಸ್ಟ್ರೇಲಿಯಾ ಕಾಯ್ದೆಯಂತೆ ಅವರನ್ನು ಆಯಾ ರಾಜ್ಯದ ಮುಖ್ಯಮಂತ್ರಿಯ ಸಲಹೆಯಂತೆ ಅರಸರೇ ನೇಮಿಸುತ್ತಾರೆ. ಭಾರತದ ರಾಜ್ಯಪಾಲರನ್ನು ರಾಷ್ಟ್ರಪತಿ ನೇಮಿಸುವ ಪದ್ಧತಿಗಿಂತ ಇದು ಭಿನ್ನವಾದುದು. ಹೀಗಾಗಿ ದೇಶವು ಗಣರಾಜ್ಯವಾದ ಮೇಲೂ ಒಂದು ರಾಜ್ಯವು ಅರಸೊತ್ತಿಗೆಯ ನಂಟನ್ನು ಉಳಿಸಿಕೊಳ್ಳುವ ವಿಚಿತ್ರ ಸ್ಥಿತಿ ಉಂಟಾಗಬಹುದು. 1999ರ ಪ್ರಸ್ತಾವವು ಈ ವಿಷಯವನ್ನು ಆಯಾ ರಾಜ್ಯಗಳಿಗೇ ಬಿಟ್ಟಿತ್ತು. ತನ್ನ ಕಾನೂನನ್ನು ಬದಲಿಸಿಕೊಳ್ಳುವವರೆಗೆ ರಾಜ್ಯದ ಹಳೆಯ ಸಂಬಂಧ ಮುಂದುವರಿಯುತ್ತಿತ್ತು.

ನಂತರದ ಬೆಳವಣಿಗೆಗಳು

2004ರಲ್ಲಿ ಸೆನೆಟ್‌ನ ಸಮಿತಿಯೊಂದು ಎರಡು ಹಂತಗಳ ಕ್ರಮವನ್ನು ಪರಿಶೀಲಿಸಿ ವರದಿ ನೀಡಿತು. ಗಣರಾಜ್ಯ ಬೇಕೇ ಎಂಬ ಪ್ರಶ್ನೆಯನ್ನೂ ಯಾವ ಮಾದರಿ ಬೇಕು ಎಂಬ ಪ್ರಶ್ನೆಯನ್ನೂ ಮೊದಲು ಜನರ ಮುಂದಿಟ್ಟು, ಅನಂತರ ಸಂವಿಧಾನ ತಿದ್ದುಪಡಿಗೆ ಜನಮತಗಣನೆ ನಡೆಸುವುದು ಈ ಕ್ರಮದ ಉದ್ದೇಶ.

2022ರ ಜನವರಿಯಲ್ಲಿ ಆಸ್ಟ್ರೇಲಿಯಾ ಗಣರಾಜ್ಯ ಚಳವಳಿಯು ಮಿಶ್ರ ಮಾದರಿಯೊಂದನ್ನು ಪ್ರಕಟಿಸಿತು. ಇದರಂತೆ ಪ್ರತಿ ರಾಜ್ಯ ಮತ್ತು ಪ್ರದೇಶದ ಶಾಸನಸಭೆಯು ತಲಾ ಒಬ್ಬರನ್ನು, ಒಕ್ಕೂಟದ ಸಂಸತ್ತು ಗರಿಷ್ಠ ಮೂವರನ್ನು ಸೂಚಿಸುತ್ತದೆ. ಹೀಗೆ ಹೆಚ್ಚೆಂದರೆ 11 ಅಭ್ಯರ್ಥಿಗಳ ಪೈಕಿ ಒಬ್ಬರನ್ನು ಜನರು ಐದು ವರ್ಷಗಳಿಗೆ ಆರಿಸುತ್ತಾರೆ. 1999ರಲ್ಲಿ ಒಡೆದುಹೋಗಿದ್ದ ಎರಡು ಬಣಗಳನ್ನು ಕೂಡಿಸುವುದು ಇದರ ಗುರಿಯಾಗಿತ್ತು. ಜನರಿಂದ ಆಯ್ಕೆಯಾದ ಅಧ್ಯಕ್ಷರು ಸಂಸದೀಯ ವ್ಯವಸ್ಥೆಯನ್ನು ದುರ್ಬಲಗೊಳಿಸುತ್ತಾರೆ ಎಂದು ಮಾಜಿ ಪ್ರಧಾನಿ ಕೀಟಿಂಗ್ ಇದನ್ನು ಟೀಕಿಸಿದರು.

2022ರ ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂದ ಆಂಥನಿ ಆಲ್ಬನೀಸ್ ಅವರ ಸರ್ಕಾರವು ಗಣರಾಜ್ಯದ ವಿಷಯಕ್ಕಾಗಿ ಸಹಾಯಕ ಸಚಿವರೊಬ್ಬರನ್ನು ಮೊದಲ ಬಾರಿಗೆ ನೇಮಿಸಿತು. ಅದೇ ವರ್ಷದ ಸೆಪ್ಟೆಂಬರ್ 8ರಂದು ರಾಣಿ ಎರಡನೇ ಎಲಿಜಬೆತ್ ನಿಧನರಾಗಿ ಮೂರನೇ ಚಾರ್ಲ್ಸ್ ಅವರು ಆಸ್ಟ್ರೇಲಿಯಾದ ಅರಸರಾದರು. 2023ರ ಅಕ್ಟೋಬರ್‌ನಲ್ಲಿ ಮೂಲನಿವಾಸಿಗಳ ಸಲಹಾ ಮಂಡಳಿಯನ್ನು ಕುರಿತ ಜನಮತಗಣನೆಯು ಸೋತಿತು. 1901ರಿಂದ ಜನರ ಮುಂದಿಡಲಾದ 45 ತಿದ್ದುಪಡಿ ಪ್ರಸ್ತಾವಗಳಲ್ಲಿ ಅಂಗೀಕಾರ ಪಡೆದವು 8 ಮಾತ್ರ. 2024ರ ಜುಲೈನಲ್ಲಿ ಸಹಾಯಕ ಸಚಿವರ ಆ ಹುದ್ದೆಯನ್ನು ಕೈಬಿಡಲಾಯಿತು. ಅದೇ ತಿಂಗಳ 1ರಂದು, ಪ್ರಧಾನಿಯ ಸಲಹೆಯಂತೆ ಅರಸರಿಂದ ನೇಮಕಗೊಂಡ ಸ್ಯಾಮ್ ಮೋಸ್ಟಿನ್ ಅವರು 28ನೇ ಗವರ್ನರ್-ಜನರಲ್ ಆಗಿ ಅಧಿಕಾರ ವಹಿಸಿಕೊಂಡರು.